ಯಾವ ನೀರಿನ ಕಥೆ, ಮಾಷ್ಟ್ರೇ?

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಊರಿನ ವಾಚನಾಲಯದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಇದರಲ್ಲಿ ಇಲ್ಲ.)

ಎಲ್ಲರಿಗೂ ನಮಸ್ಕಾರ.

ನಾನು ಇತಿಹಾಸ ಓದಿದವನಲ್ಲ. ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿದವನು. ನಿವೃತ್ತಿ ಆದ ಮೇಲೆ ಹಳಬರ ಮಾತು ರೆಕಾರ್ಡ್ ಮಾಡುವ ಹುಚ್ಚು ಹಿಡಿಯಿತು. ಮನೆಯವರು ಇದು ಒಂದು ವರ್ಷದಲ್ಲಿ ಬಿಡುತ್ತದೆ ಅಂದುಕೊಂಡಿದ್ದರು. ಬಿಡಲಿಲ್ಲ.

ಶುರುವಾದದ್ದು ಒಂದು ಪೆದ್ದು ಪ್ರಶ್ನೆಯಿಂದ. ಪೆರ್ಲದ ಕಡೆಯ ಒಬ್ಬ ಅಜ್ಜನ ಎದುರು ಕೂತು ಕೇಳಿದೆ, "ಅಜ್ಜ, ಹಿಂದೆ ಇಲ್ಲಿ ನೀರು ಹೇಗಿತ್ತು?" ಅಜ್ಜ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು. ಆಮೇಲೆ ನನ್ನನ್ನೇ ಕೇಳಿದರು, "ಯಾವ ನೀರಿನ ಕಥೆ, ಮಾಷ್ಟ್ರೇ? ಕುಡಿಯುವ ನೀರಿನದ್ದಾ, ತೋಟದ್ದಾ, ಗದ್ದೆಯದ್ದಾ, ಹೊಳೆಯದ್ದಾ?" ನನಗೆ ನೀರು ಅಂದರೆ ನೀರು. ಅವರಿಗೆ ಅದು ನಾಲ್ಕು ಬೇರೆ ಬೇರೆ ಕೆಲಸ. ಕುಡಿಯುವುದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ. ತೋಟಕ್ಕೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಹಾಕಿದ ಕಟ್ಟದಿಂದ. ಗದ್ದೆಗೆ ಬೈಲಿನ ಕಣಿಯಿಂದ, ಅಂದರೆ ತಗ್ಗು ಗದ್ದೆಬಯಲಿನ ಕಾಲುವೆಯಿಂದ. ಹೊಳೆಗೆ ಹೋಗುವುದು ಬಟ್ಟೆ ಒಗೆಯುವುದಕ್ಕೆ, ಮೀನಿಗೆ, ದಾಟುವುದಕ್ಕೆ.

ಎರಡನೆಯ ಪ್ರಶ್ನೆಯೂ ತಪ್ಪೇ. "ಅದು ಯಾವ ಇಸವಿ?" ಇಸವಿ ಯಾರ ಹತ್ತಿರವೂ ಇರಲಿಲ್ಲ. "ಗೇಣಿ ನಿಂತ ಮೇಲೆ" ಅನ್ನುತ್ತಾರೆ. "ಕೋರ್ಟಿಗೆ ಮಂಗಳೂರಿಗೆ ಹೋಗುತ್ತಿದ್ದಾಗ" ಅನ್ನುತ್ತಾರೆ. "ಅಣ್ಣ ಬೊಂಬಾಯಿಗೆ ಓಡಿಹೋದ ವರ್ಷ" ಅನ್ನುತ್ತಾರೆ. ನಾನು ಲೆಕ್ಕದ ಮಾಷ್ಟ್ರು, ಒಂದು ಪಟ್ಟಿ ಮಾಡಿಕೊಂಡೆ. ಮಂಗಳೂರು ಅಂದರೆ 1956ರ ನವೆಂಬರ್ ಒಂದಕ್ಕಿಂತ ಮೊದಲು, ನಾವಿನ್ನೂ ಕೇರಳಕ್ಕೆ ಸೇರದೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ. ಗೇಣಿ ನಿಂತದ್ದು ಅಂದರೆ ಭೂಸುಧಾರಣೆ ಬಂದ 1970ರ ಆಚೆ. ಬೊಂಬಾಯಿಗೆ ಓಡಿಹೋದ ಅಣ್ಣನ ಲೆಕ್ಕ ಮಾತ್ರ ಆ ಮನೆಯವರೇ ಕೊಡಬೇಕು.

ಈ ಪಟ್ಟಿಯೂ ಒಮ್ಮೆ ಕೈಕೊಟ್ಟಿತು. ಒಬ್ಬರು ಮಾರಿಬೊಳ್ಳದ ಕಥೆ ಹೇಳಿದರು. ಬೊಳ್ಳ ಅಂದರೆ ತುಳುವಿನಲ್ಲಿ ನೆರೆ. ಅಟ್ಟದ ಮೇಲೆ ದನದ ಕರು ಕಟ್ಟಿದ್ದು, ತೇಲಿಬಂದ ಹುಲ್ಲಿನ ಮಾಡಿನ ಮೇಲೆ ಕೋಳಿ ಕೂತದ್ದು, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಹೇಳಿದರು. 1974ರ ನೆರೆ ಅಂತ ಬರೆದುಕೊಂಡೆ. ಮನೆಗೆ ಬಂದು ಎರಡನೇ ಸಲ ಕೇಳುವಾಗ ಗೊತ್ತಾಯಿತು, ಆ ಕರು ಅವರದ್ದಲ್ಲ. ಅವರ ಅಜ್ಜಿಯದ್ದು. ಅಂದರೆ 1923ರ ನೆರೆ. ಅಜ್ಜಿ ಎಷ್ಟು ಸಲ ಹೇಳಿರಬೇಕು ನೋಡಿ, ಮೊಮ್ಮಗ ತಾನೇ ಕಂಡದ್ದು ಅಂದುಕೊಳ್ಳುವಷ್ಟು. ಇದನ್ನು ಸುಳ್ಳು ಅನ್ನಬೇಡಿ. ಆದರೆ ಇಸವಿ ಬರೆಯುವ ಮೊದಲು ಎರಡು ಸಲ ಕೇಳಿ.

ಈಗ ಸ್ವಲ್ಪ ನಕ್ಷೆಯ ಮಾತು. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯವು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆದರೂ ಮಾರ್ಚ್ ಕಳೆದರೆ ಟ್ಯಾಂಕರ್‌ಗೆ ಕೊಡಪಾನ ಸಾಲು ಇಡುತ್ತೇವೆ, ಅಲ್ವಾ? ಯಾಕೆ ಅಂತ ಮಕ್ಕಳು ಕೇಳುತ್ತಾರೆ. ನಮ್ಮ ಹೊಳೆಗಳೆಲ್ಲ ಗಿಡ್ಡ. ಮಂಜೇಶ್ವರ ಹೊಳೆ 16 ಕಿಲೋಮೀಟರ್, ಶಿರಿಯ 67, ಎಲ್ಲಕ್ಕಿಂತ ಉದ್ದದ ಚಂದ್ರಗಿರಿಯೇ 105. ಗುಡ್ಡದಿಂದ ಕಡಲಿಗೆ ಇಳಿಜಾರು ಜಾಸ್ತಿ. ಆಟಿಯಲ್ಲಿ, ಅಂದರೆ ಜುಲೈ ಆಗಸ್ಟಿನಲ್ಲಿ, ಬಿದ್ದ ನೀರು ಆಟಿಯಲ್ಲೇ ಕಡಲು ಸೇರಿಬಿಡುತ್ತದೆ. ಗುಡ್ಡದ ಮುರಕಲ್ಲು (ಜಂಬಿಟ್ಟಿಗೆ) ಒಂದಿಷ್ಟು ಕುಡಿದು ಇಟ್ಟುಕೊಂಡು ಬೇಸಗೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತದೆ. ನಮ್ಮ ಹಿರಿಯರ ಬುದ್ಧಿಯೆಲ್ಲ ಖರ್ಚಾದದ್ದು ಎರಡೇ ವಿಷಯಕ್ಕೆ. ಓಡುವ ನೀರನ್ನು ನಿಲ್ಲಿಸುವುದು, ಕಲ್ಲಿನೊಳಗಿನ ನೀರನ್ನು ಹೊರಗೆ ತರುವುದು.

ನಿಲ್ಲಿಸುವುದಕ್ಕೆ ಕಟ್ಟ. ಇಲ್ಲಿ ಕೂತ ಅರ್ಧ ಜನಕ್ಕೆ ಕಟ್ಟ ಅಂದರೆ ಊರಿನ ಹೆಸರಿನ ಬಾಲ ಅಷ್ಟೇ, ಆ ಕಟ್ಟ ಈ ಕಟ್ಟ ಅಂತ. ಹೆಸರು ಉಳಿದಿದೆ, ಕಟ್ಟ ಇಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಳೆ ಪೂರ್ತಿ ಬಿಟ್ಟು ತೋಡಿನ ಹರಿವು ಇಳಿದ ಮೇಲೆ, ಜಾರ್ದೆ ಪೆರಾರ್ದೆ ಹೊತ್ತಿಗೆ, ಅಂದರೆ ನವೆಂಬರ್ ಕೊನೆ ಡಿಸೆಂಬರ್‌ನಲ್ಲಿ ಕಟ್ಟ ಕಟ್ಟುವುದು. ತೋಡಿಗೆ ಅಡ್ಡವಾಗಿ ಎರಡು ಸಾಲು ಕಾಡುಕಲ್ಲು. ನಡುವೆ ಮಣ್ಣು ತುಂಬಿ, ಸೊಪ್ಪು ಹಾಕಿ, ಮತ್ತೆ ಮಣ್ಣು. ಕಾಲಿನಲ್ಲಿ ತುಳಿದು ತುಳಿದು ಗಟ್ಟಿ ಮಾಡಬೇಕು. ಚರಳು ಇರುವ ಮಣ್ಣು ಆಗುವುದಿಲ್ಲ, ಅಂಟು ಬೇಕು. ಒಂದು ಬದಿಯಲ್ಲಿ ಕಣಿಗೆ ಬಾಯಿ. ಅದರಲ್ಲಿ ನೀರು ತೋಟಕ್ಕೂ ಬೈಲಿಗೂ ತನ್ನಷ್ಟಕ್ಕೆ ಹೋಗುತ್ತದೆ. ಮೇ ತನಕ ನಿಂತರೆ ಒಳ್ಳೆಯ ಕಟ್ಟ. ಪತ್ತನಾಜೆ, ಅಂದರೆ ಮೇ ಕೊನೆಯ ವಾರ, ಕಳೆದು ಮೊದಲ ದೊಡ್ಡ ಮಳೆ ಬಂದಾಗ ನೀರೇ ಅದನ್ನು ಒಡೆದು ಹೋಗುತ್ತದೆ. ಅಥವಾ ಅದಕ್ಕೂ ಮೊದಲು ಜನರೇ ಒಂದು ಬದಿ ಬಿಡಿಸಿ ಕೊಡುತ್ತಾರೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಇಂಥದ್ದು ಒಂದು ತೋಡಿನಲ್ಲಿ ಒಂದಲ್ಲ. ಏತಡ್ಕದ ಕಡೆ ಒಂದೇ ತೋಡಿನಲ್ಲಿ ಸಾಲಾಗಿ ಕಟ್ಟಗಳಿದ್ದವು. ಮೇಲಿನ ಕಟ್ಟದಿಂದ ಸೋರಿದ್ದು ಕೆಳಗಿನ ಕಟ್ಟಕ್ಕೆ, ಅಲ್ಲಿ ಸೋರಿದ್ದು ಅದರ ಕೆಳಗಿನದ್ದಕ್ಕೆ. ನೀರು ಒಂದಿಷ್ಟೂ ಸೋರದ ಕಟ್ಟ ಕಟ್ಟಿದರೆ ಕೆಳಗಿನವರು ಜಗಳಕ್ಕೆ ಬರುತ್ತಿದ್ದರಂತೆ! ಇದನ್ನು ಹೇಳಿದ ಅಜ್ಜ ನಕ್ಕುನಕ್ಕು ಕೆಮ್ಮಿದರು. "ತೂತು ಇರಬೇಕು ಮಾಷ್ಟ್ರೇ, ಎಷ್ಟು ತೂತು ಅಂತ ಗೊತ್ತಿರಬೇಕು." ರಾತ್ರಿ ಹೊತ್ತು ಕೆಳಗಿನವರು ಬಿದಿರಿನ ಕೋಲು ತಂದು ತೂತು ಸ್ವಲ್ಪ ದೊಡ್ಡದು ಮಾಡುವುದು, ಬೆಳಿಗ್ಗೆ ಮೇಲಿನವರು ಬೈಯುತ್ತಾ ಮುಚ್ಚುವುದು. ಹೀಗೆ ಬೈದುಕೊಂಡವರೇ ಮುಂದಿನ ಜಾರ್ದೆಯಲ್ಲಿ ಒಟ್ಟಿಗೆ ಮಣ್ಣು ತುಳಿಯಬೇಕು. ಬೇರೆ ದಾರಿ ಇಲ್ಲ. ಒಬ್ಬನ ಕೈಯಲ್ಲಿ ಆಗುವ ಕೆಲಸವೇ ಅಲ್ಲ ಅದು.

ಕಟ್ಟದ ನೀರು ಇದ್ದ ಕಾರಣಕ್ಕೇ ಬೈಲಿನಲ್ಲಿ ಏಣಿಲು, ಸುಗ್ಗಿ ಕಳೆದು ಮೂರನೆಯ ಬೆಳೆ ಕೊಳಕೆ ಬರುತ್ತಿತ್ತು. ಕೊಳಕೆ ಬೇಸಗೆಯ ಭತ್ತ. ನೀರು ಹತ್ತಿರ ನಿಂತ ತಗ್ಗು ಗದ್ದೆಯಲ್ಲಿ ಮಾತ್ರ ಸಾಧ್ಯ. ಹೊಳೆ ತೋಡು ಯಾವಾಗ ಸೊರಗಿತು ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. "ನಿಮ್ಮ ಮನೆಯಲ್ಲಿ ಕೊನೆಯ ಕೊಳಕೆ ಯಾವಾಗ ಕೊಯ್ದದ್ದು?" ಅಂತ ಕೇಳಿ. ಥಟ್ಟನೆ ಹೇಳುತ್ತಾರೆ. ಮಗಳ ಮದುವೆ, ಹೊಸ ಮನೆ ಒಕ್ಕಲು, ಯಾವುದಾದರೂ ಒಂದಕ್ಕೆ ಗಂಟು ಹಾಕಿ ಹೇಳುತ್ತಾರೆ. ಈ ಕೆಲಸದಲ್ಲಿ ನಾನು ಕಂಡುಕೊಂಡ ಒಂದೇ ಒಂದು ಒಳ್ಳೆಯ ಪ್ರಶ್ನೆ ಇದು. ಬೇಕಾದರೆ ನೀವೂ ಬಳಸಿ.

ಇನ್ನು ತೋಟದ ನೀರು. ಇಲ್ಲಿ ಒಂದು ಲೆಕ್ಕ ಹಾಕೋಣ. ಒಂದು ಎಕರೆಗೆ ಸುಮಾರು 550 ಅಡಿಕೆ ಮರ. ಈಗಿನ ಕೃಷಿ ಶಿಫಾರಸು, ಒಂದು ಮರಕ್ಕೆ ಒಂದು ಸಲಕ್ಕೆ 175 ಲೀಟರ್. ಬಿರುಬೇಸಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ. ಗುಣಿಸಿ. ಒಂದು ಸುತ್ತಿಗೆ 96,250 ಲೀಟರ್. ಒಂದು ಲಕ್ಷ ಅನ್ನಿ. ಏತದ ಮರಿಗೆಯಲ್ಲಿ 25 ಲೀಟರ್ ಹಿಡಿಯುತ್ತದೆ ಅಂತ ಇಟ್ಟುಕೊಂಡರೆ 3850 ಸಲ ಎತ್ತಬೇಕು. ಇದು ಒಂದು ಎಕರೆಗೆ, ಒಂದು ಸುತ್ತಿಗೆ. ಆಗ ಮರಕ್ಕೆ ಅಷ್ಟು ನೀರು ಯಾರೂ ಹಾಕುತ್ತಿರಲಿಲ್ಲ, ಸರಿ. ಅರ್ಧ ಅಂತಲೇ ಹಿಡಿಯಿರಿ. ಆದರೂ ಸುಮಾರು ಎರಡು ಸಾವಿರ ಸಲ. ಏತ ಎಳೆದ ನೀರು ಕಣಿಗೆ ಬಿದ್ದ ಮೇಲೆ ಅಡಿಕೆ ಹಾಳೆಯಲ್ಲಿ ಬಗ್ಗಿ ಬಗ್ಗಿ ಮರದ ಬುಡಕ್ಕೆ ಎರಚುವ ಕೆಲಸ ಬೇರೆ.

ನಾನು ಮೊದಮೊದಲು ಬರೀ ತೋಟದ ಯಜಮಾನರನ್ನು ಮಾತಾಡಿಸುತ್ತಿದ್ದೆ. ಅವರಿಗೆ ಪುರುಸೊತ್ತು ಇತ್ತು, ಕಾಫಿ ಕೊಡುತ್ತಿದ್ದರು, ಜಗಲಿಯಲ್ಲಿ ಫ್ಯಾನ್ ಇತ್ತು. ಅವರೆಲ್ಲ ಹೇಳಿದ್ದು ಒಂದೇ. ಏತದ ಕಾಲ ಎಷ್ಟು ಚಂದ, ನಸುಕಿಗೆ ಏತದ ಪದ ಕೇಳಿಕೊಂಡು ಏಳುತ್ತಿದ್ದೆವು, ಪಂಪು ಬಂದು ಎಲ್ಲ ಹಾಳಾಯಿತು. ನಾನೂ ಹೌದು ಹೌದು ಅಂತ ತಲೆ ಆಡಿಸಿದೆ. ಆಮೇಲೆ ಒಂದು ದಿನ ಅಂಥದೇ ಒಂದು ತೋಟದಲ್ಲಿ ಇಪ್ಪತ್ತು ವರ್ಷ ಏತ ಎಳೆದ ಒಬ್ಬರ ಮನೆಗೆ ಹೋದೆ. ಪಂಪಿನ ವಿಷಯ ತೆಗೆದೆ. ಅವರು ತುಳುವಿನಲ್ಲಿ ಹೇಳಿದ್ದು ಇಷ್ಟೇ: "ಪಂಪು ಬತ್ತ್ಂಡ್, ಬೆರಿ ಒರಿಂಡ್." ಪಂಪು ಬಂತು, ಬೆನ್ನು ಉಳಿಯಿತು.

ಆ ದಿನದಿಂದ ನಾನು ಹಿಂದಿನ ರೆಕಾರ್ಡುಗಳನ್ನು ಬೇರೆ ಕಿವಿಯಲ್ಲಿ ಕೇಳತೊಡಗಿದೆ. ಏತದ ಪದ ಹಾಸಿಗೆಯಲ್ಲಿ ಮಲಗಿ ಕೇಳಿದವರಿಗೆ ಹಾಡು. ಎಳೆದವರಿಗೆ ಅದು ಎಣಿಕೆ. ಎಷ್ಟು ಮರಿಗೆ ಆಯಿತು ಅಂತ ಲೆಕ್ಕ ತಪ್ಪದ ಹಾಗೆ ಹಾಡುವುದು. ಕಟ್ಟದ್ದೂ ಹಾಗೆಯೇ. "ಊರಿನವರೆಲ್ಲ ಸೇರಿ ಕಟ್ಟುತ್ತಿದ್ದೆವು" ಅಂತ ಎಲ್ಲರೂ ಹೇಳುತ್ತಾರೆ. ಎಲ್ಲರೂ ಅಂದರೆ ಯಾರು? ಕೆಸರಿನಲ್ಲಿ ನಿಂತದ್ದು ಯಾರು, ದಂಡೆಯಲ್ಲಿ ನಿಂತು ಅಲ್ಲಿ ಹಾಕು ಇಲ್ಲಿ ಹಾಕು ಅಂದದ್ದು ಯಾರು? ಎಷ್ಟೋ ಕಡೆ ಕಟ್ಟಕ್ಕೆ ಹೋಗುವುದು ಒಕ್ಕಲಿನ ಬಿಟ್ಟಿ ಕೆಲಸ. ಎಲ್ಲ ಕಡೆ ಅಲ್ಲ. ಸಣ್ಣ ಸಣ್ಣ ಹಿಡುವಳಿಯವರು ನಿಜವಾಗಿಯೂ ಸಮಪಾಲಿನಲ್ಲಿ ಕಟ್ಟಿದ ತೋಡುಗಳೂ ಇವೆ. ಆದರೆ ಕೇಳದೆ ಗೊತ್ತಾಗುವುದಿಲ್ಲ.

ಹೊಳೆಗೆ ಇಳಿಯುವ ಕಡವಿನಲ್ಲೂ ಮೇಲೆ ಕೆಳಗೆ ಇತ್ತು. ಒಬ್ಬ ಅಜ್ಜಿ ನನಗೆ ಹೊಳೆಯ ನಕ್ಷೆಯನ್ನು ಕೋಲಿನಲ್ಲಿ ಅಂಗಳದಲ್ಲಿ ಬರೆದು ತೋರಿಸಿದರು. ಇಲ್ಲಿ ಮೇಲಿನ ಜಾತಿಯವರು ಸ್ನಾನ ಮಾಡುವುದು, ಇಲ್ಲಿ ದನ ಮೀಯಿಸುವುದು, ಅದರ ಕೆಳಗೆ ನಾವು ನೀರು ತರುವುದು. ದನಕ್ಕಿಂತ ಕೆಳಗೆ. ಅದನ್ನು ಹೇಳುವಾಗ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ನಾನು ಮುಂದಿನ ಪ್ರಶ್ನೆ ಮರೆತೆ. ಅವರೇ ಮುಂದುವರಿಸಿದರು. ಮೊದಲ ಮಳೆಗೆ ತೋಡು ಹತ್ತಿ ಗದ್ದೆಗೆ ಬರುವ ಹತ್ತುಮೀನು ಹಿಡಿಯಲು ರಾತ್ರಿ ಸೂಟೆ (ಗರಿಯ ಪಂಜು) ಕಟ್ಟಿಕೊಂಡು ಹೋಗುತ್ತಿದ್ದದ್ದು ಹೇಳಿದರು. ಕತ್ತಲೆಯಲ್ಲಿ ಮೇಲೆ ಕೆಳಗೆ ಯಾರೂ ನೋಡುವುದಿಲ್ಲ ಅಂತ ನಕ್ಕರು.

ನಳ್ಳಿ ನೀರು ಬಂದದ್ದನ್ನು ಅವರು ಹಬ್ಬದ ಹಾಗೆ ನೆನಪಿಟ್ಟುಕೊಂಡಿದ್ದಾರೆ. ಯಾಕೆ ಅಂತ ಇನ್ನು ವಿವರಿಸಬೇಕಾಗಿಲ್ಲ.

ಈಗ ಸುರಂಗಕ್ಕೆ ಬರುತ್ತೇನೆ. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಕ್ಷಮಿಸಿ. ಸುರಂಗ ಅಂದರೆ ಅಡ್ಡಲಾಗಿ ತೋಡಿದ ಬಾವಿ. ಗುಡ್ಡದ ಬದಿಯಿಂದ ಒಬ್ಬ ಮನುಷ್ಯ ಹೋಗುವಷ್ಟೇ ಅಗಲ, ಅವನ ತಲೆ ತಾಗದಷ್ಟು ಎತ್ತರ. ಒಳಗೆ ಹೋದ ಹಾಗೆ ಸ್ವಲ್ಪ ಸ್ವಲ್ಪ ಏರು ಕೊಡಬೇಕು. ಆಗ ನೀರು ತಾನಾಗಿ ಹೊರಗೆ ಹರಿಯುತ್ತದೆ. ಕರೆಂಟು ಬೇಡ, ಹಗ್ಗ ಬೇಡ. ಬಾಯಿಯಲ್ಲಿ ಒಂದು ಮಣ್ಣಿನ ಕೆರೆ. ಅಲ್ಲಿಂದ ಅಡಿಕೆ ಮರದ ದಂಬೆಯಲ್ಲಿ ಮನೆಯ ಬಾಗಿಲಿಗೆ. ನಮ್ಮ ಜಿಲ್ಲೆಯಲ್ಲಿ, ಆಚೆ ಬಂಟ್ವಾಳ ಪುತ್ತೂರಿನ ಗಡಿಯಲ್ಲಿ ಸಾವಿರಗಟ್ಟಲೆ ಇವೆ. ಮುರಕಲ್ಲು ಇದ್ದ ಕಾರಣ ಇದು ಸಾಧ್ಯ. ಕೊರೆಯುವಷ್ಟು ಮೆದು, ಕುಸಿಯದಷ್ಟು ಗಟ್ಟಿ.

ಉದ್ದ ಅಳೆಯುವುದು ಕೋಲಿನಲ್ಲಿ. ಒಂದು ಕೋಲು ಸುಮಾರು ಎರಡೂವರೆ ಅಡಿ. ಕೂಲಿಯೂ ಕೋಲಿನ ಲೆಕ್ಕ. ಮುಳಿಯಾರಿನ ಕಡೆ ಒಬ್ಬ ಸುರಂಗ ಕೆಲಸದವರ ಜೊತೆ ಒಂದು ಮಧ್ಯಾಹ್ನ ಕಳೆದೆ. ಪಿಕ್ಕಾಸು ಹಿಡಿದು ಕೈಯ ರೇಖೆಯೇ ಮಾಸಿಹೋಗಿತ್ತು. ಎಲ್ಲಿ ಕೊರೆಯಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಬೇಸಗೆಯಲ್ಲೂ ಹಸಿರಾಗಿ ನಿಂತ ಗಿಡ ನೋಡಬೇಕಂತೆ. ಹುತ್ತ ನೋಡಬೇಕಂತೆ. ಒಳಗೆ ಹೋದ ಮೇಲೆ ಮಣ್ಣು ಕೈಯಲ್ಲಿ ಹಿಡಿದರೆ ತಿಳಿಯುತ್ತದಂತೆ. "ತಣ್ಣಗೆ ಇದ್ದರೆ ಸಾಲದು. ತಣ್ಣಗಿದ್ದು ಅಂಟಬೇಕು." ಒಳಗೆ ಮೇಣದ ಬತ್ತಿ ಹಚ್ಚಿಕೊಂಡು ಹೋಗುವುದು. ಬೆಳಕಿಗೆ ಒಂದು, ಜೀವಕ್ಕೆ ಒಂದು. ಬತ್ತಿ ಸಣ್ಣಗಾದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ, ಹೊರಗೆ ಬರಬೇಕು. ಉದ್ದದ ಸುರಂಗಕ್ಕೆ ಮೇಲಿನಿಂದ ಗಾಳಿಬಾವಿ ತೋಡುವುದೂ ಇದೆ.

"ಹೆದರಿಕೆ ಆಗುವುದಿಲ್ಲವಾ?" ಅಂದೆ. ಪೇಟೆಯವರು ಎಲ್ಲರೂ ಇದನ್ನೇ ಕೇಳುವುದು, ಅಂದರು. ಹೆದರಿಕೆ ಗುಡ್ಡದ್ದಲ್ಲವಂತೆ. ಮೂವತ್ತು ಕೋಲು ಹೋದ ಮೇಲೂ ಒಣಮಣ್ಣೇ ಬರುವಾಗ, ಹೊರಗೆ ಮನೆಯ ಹೆಂಗಸು ಬಂದು ಏನೂ ಕೇಳದೆ ಬಾಯಿಯ ಹತ್ತಿರ ಸುಮ್ನೆ ನಿಲ್ಲುತ್ತಾಳಲ್ಲ, ಅದಕ್ಕೆ.

ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಹೆಸರು ನಿಮಗೆ ಗೊತ್ತಿರುತ್ತದೆ. ಅಡಿಕೆ ಮರ ಹತ್ತುವ ಕೂಲಿ ಮಾಡುತ್ತಾ, ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗ ಒಣಗಿಯೇ ಉಳಿದವು. ಬಿಡಲಿಲ್ಲ, ಕೊನೆಗೆ ನೀರು ಬಂತು, ತೋಟ ಎದ್ದಿತು. 2022ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ನೋಡಿ, ಉಳಿದ ಕೆಲಸದವರು ಕೊರೆದದ್ದು ಬೇರೆಯವರ ಗುಡ್ಡಕ್ಕೆ. ಮನೆಯವರನ್ನು ಕೇಳಿದರೆ "ನಮ್ಮ ಅಜ್ಜ ಮಾಡಿಸಿದ ಸುರಂಗ" ಅನ್ನುತ್ತಾರೆ. ಕೊರೆದವನ ಹೆಸರು ಅಂತ ಕೇಳಿದರೆ ಹತ್ತರಲ್ಲಿ ಎಂಟು ಮನೆಯಲ್ಲಿ ಗೊತ್ತಿಲ್ಲ. ನೀರು ಇಂದಿಗೂ ಅದರದ್ದೇ ಕುಡಿಯುವುದು.

ಹಾಗಾದರೆ ಇದೆಲ್ಲ ಯಾಕೆ ನಿಂತಿತು? ಪಂಪು ಅಂತ ಒಂದೇ ಮಾತಿನಲ್ಲಿ ಮುಗಿಸುವವರು ಜಾಸ್ತಿ. ನನ್ನ ರೆಕಾರ್ಡುಗಳು ಅಷ್ಟು ಸುಲಭ ಇಲ್ಲ. 1970ರಲ್ಲಿ ಕೇರಳದ ಭೂಸುಧಾರಣೆ ಜಾರಿಗೆ ಬಂದು ಒಕ್ಕಲು ಹೊಲದ ಒಡೆಯ ಆದ. ಆಗಲೇಬೇಕಿತ್ತು. ಆದರೆ ಕಟ್ಟಕ್ಕೆ ಬನ್ನಿ ಅಂತ ಕರೆಯುವ ಹಕ್ಕು ಯಾರಿಗೂ ಉಳಿಯಲಿಲ್ಲ. ಕರೆದರೆ ಬರುವ ಕಟ್ಟುಪಾಡೂ ಇಲ್ಲ. ಅದೇ ಹೊತ್ತಿಗೆ ಹುಡುಗರು ಗಲ್ಫಿಗೆ ಹೋಗತೊಡಗಿದರು. ಮಣ್ಣು ತುಳಿಯುವ ಕಾಲುಗಳೇ ಊರಿನಲ್ಲಿ ಇಲ್ಲ. ಗಲ್ಫಿನ ದುಡ್ಡು ಬಂದು ಡೀಸೆಲ್ ಪಂಪು ಬಂತು, ಆಮೇಲೆ ಕರೆಂಟಿನದ್ದು. ಅಡಿಕೆಗೆ ಬೆಲೆ ಬಂತು. ಕೊಳಕೆ ಗದ್ದೆಗೆ ಮಣ್ಣು ತುಂಬಿ ಅಡಿಕೆ ಸಸಿ ಇಟ್ಟರು. ಗದ್ದೆ ಹೋದ ಮೇಲೆ ನೀರು ಇಂಗುವ ಜಾಗವೂ ಹೋಯಿತು. ಹೊಳೆಯ ಹೊಯ್ಗೆ, ಅಂದರೆ ಮರಳು, ಲಾರಿಯಲ್ಲಿ ಹೋಯಿತು. ಹೊಯ್ಗೆ ಹೋದ ಹೊಳೆ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಹೊಯ್ಗೆ ತೆಗೆಯುವುದಕ್ಕೆ ಲಗಾಮು ಹಾಕುವ ಕಾನೂನು ಕೇರಳದಲ್ಲಿ ಬಂದದ್ದು 2001ರಲ್ಲಿ. ಅಷ್ಟರಲ್ಲಿ ಎಷ್ಟೋ ಕಡವು ಗುಂಡಿ ಆಗಿತ್ತು. ತೋಡು ಸೊರಗಿತು ಅಂತ ಕೊಳವೆಬಾವಿ. ಕೊಳವೆಬಾವಿ ಬಂದು ಸುರಂಗ ಸೊರಗಿತು. ಹನ್ನೆರಡು ಹೊಳೆಯ ಜಿಲ್ಲೆಯ ಕಾಸರಗೋಡು ಬ್ಲಾಕು, ಪಾಲಕ್ಕಾಡಿನ ಬರದ ಚಿತ್ತೂರಿನ ಜೊತೆ, ಅಂತರ್ಜಲ ಅಪಾಯದಲ್ಲಿರುವ ಬ್ಲಾಕುಗಳ ಸರಕಾರಿ ಪಟ್ಟಿಗೆ ಸೇರಿತು.

ಇಲ್ಲಿ ಯಾರನ್ನು ಬೈಯುವುದು? ಬೆನ್ನು ಉಳಿದವನನ್ನಾ, ಮಗನ ದುಡ್ಡಿನಲ್ಲಿ ಪಂಪು ಇಟ್ಟವನನ್ನಾ? ನನಗೆ ಕಾಣುವುದು ಇಷ್ಟು. ಪಂಪು ಬಂದ ಮೇಲೆ ನೀರಿಗಾಗಿ ನೆರೆಯವನ ಹತ್ತಿರ ಮಾತಾಡುವ ಅಗತ್ಯ ಇಲ್ಲದಾಯಿತು. ತೋಡಿನ ಜಗಳ ನಿಂತಿತು. ಬಿದಿರಿನ ಕೋಲಿನಲ್ಲಿ ತೂತು ಮಾಡಲು ಯಾರೂ ಬರುವುದಿಲ್ಲ. 600 ಅಡಿ ಕೆಳಗಿನ ನೀರನ್ನು ಯಾರು ಎಷ್ಟು ಎಳೆದರು ಅಂತ ಯಾರಿಗೂ ಕಾಣುವುದಿಲ್ಲ. ಕಾಣದ ಮೇಲೆ ಬೈಯುವುದು ಹೇಗೆ?

ಗೇರು ಗುಡ್ಡದ ವಿಷಯ ಹೇಳದೆ ನಮ್ಮ ನೀರಿನ ಮಾತು ಮುಗಿಯುವುದಿಲ್ಲ. ಎರಡು ದಶಕಕ್ಕೂ ಜಾಸ್ತಿ ಕಾಲ, 2000ದ ತನಕ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿದ್ದಿತು. ಎಣ್ಮಕಜೆ, ಬೆಳ್ಳೂರು, ಮುಳಿಯಾರು. ಆ ಗುಡ್ಡಗಳೇ ನಮ್ಮ ಸುರಂಗಗಳ ತಲೆ, ತೋಡುಗಳ ತಾಯಿ. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಅದರಿಂದ ನರಳಿದ ಮನೆಗಳಿಗೆ ಮೈಕ್ ಹಿಡಿದು ಹೋದವರು ಬಹಳ ಜನ, ನಾನು ಹೆಚ್ಚು ಹೋಗಲಿಲ್ಲ. ಹೇಳಿ ಹೇಳಿ ಅವರಿಗೆ ಸಾಕಾಗಿದೆ. ಒಂದು ಮಾತು ಮಾತ್ರ ಹೇಳುತ್ತೇನೆ. ಮದ್ದು ಬಿಡುವ ದಿನ ಬಾವಿ ಮುಚ್ಚಿಕೊಳ್ಳಿ ಅಂತ ಹೇಳಿಹೋಗುತ್ತಿದ್ದರಂತೆ. ಒಬ್ಬರು ಅಕ್ಕ ಕೇಳಿದರು, "ಬಾವಿಗೆ ಮಡಲು ಮುಚ್ಚಿದೆವು ಮಾಷ್ಟ್ರೇ. ತೋಡಿಗೆ ಏನು ಮುಚ್ಚುವುದು?"

ಕೆಳಗೆ, ಹೊಳೆ ಕಡಲು ಸೇರುವಲ್ಲಿ ಕಥೆ ಬೇರೆ. ಕೊಡಗಿನಿಂದ ಸುಳ್ಯ ದಾಟಿ ಬರುವ ಪಯಸ್ವಿನಿಯೇ ಕೆಳಗೆ ಚಂದ್ರಗಿರಿ. ನಮ್ಮ ರಾಜಕೀಯದಲ್ಲಿ ಈ ಹೊಳೆಗೆ ದೊಡ್ಡ ಹೆಸರು. 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗ ಇದರ ಉತ್ತರಕ್ಕಿರುವ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕು ಅಂತ ಶಿಫಾರಸು ಮಾಡಿತು. ಅದರ ಬಗ್ಗೆ ಭಾಷಣ ಬೇಕಾದಷ್ಟು ಕೇಳಿದ್ದೀರಿ. ಆದರೆ ದಂಡೆಯ ಜನರನ್ನು ಕೇಳಿದರೆ ಗಡಿಯ ಮಾತೇ ಇಲ್ಲ. ಅವರ ಬಾಯಲ್ಲಿ ಬರುವುದು ಉಪ್ಪು. ಬೇಸಗೆಯಲ್ಲಿ ಮೇಲಿನಿಂದ ಬರುವ ಸಿಹಿನೀರು ಸಣ್ಣಗಾದರೆ ಕಡಲಿನ ಉಬ್ಬರ ಹೊಳೆಯೊಳಗೆ ಏರಿ ಬರುತ್ತದೆ. ಕಾಸರಗೋಡು ಪೇಟೆಗೆ ನೀರು ಎತ್ತುವ ಬಾವಿಕ್ಕೆರೆಯಲ್ಲಿ ವರ್ಷವೂ ಹೊಯ್ಗೆ ಚೀಲದ ತಾತ್ಕಾಲಿಕ ತಡೆ ಕಟ್ಟುತ್ತಿದ್ದರು. ಅದು ಒಡೆದರೆ ಪೇಟೆಯ ನಳ್ಳಿಯಲ್ಲಿ ಉಪ್ಪುನೀರು. ಚಾಯ ಒಡೆಯುತ್ತಿತ್ತು, ಅನ್ನ ಬೇಯುತ್ತಿರಲಿಲ್ಲ. ಈಗ ಕೆಲವು ವರ್ಷದಿಂದ ಕಾಂಕ್ರೀಟಿನ ತಡೆಯಣೆ ಬಂದಿದೆ. ಪೇಟೆಯವರು ವರ್ಷ ವರ್ಷ ಚೀಲದ ತಡೆ ಕಟ್ಟಿ, ಮಳೆಗೆ ಒಡೆದು, ಮತ್ತೆ ಕಟ್ಟುತ್ತಿದ್ದದ್ದು ಕೇಳಿ ಪೆರ್ಲದ ಅಜ್ಜ ಅಂದರು, "ಹಾಗಾದರೆ ಅವರೂ ಕಟ್ಟ ಕಟ್ಟುತ್ತಿದ್ದರು ಅನ್ನಿ. ತುಳಿಯಲು ಗೊತ್ತಿರಲಿಲ್ಲ, ಅಷ್ಟೇ."

2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದ ಗುಡ್ಡ ಜಾರಿದಾಗ ಪಯಸ್ವಿನಿಯಲ್ಲಿ ಬಂದ ಕೆಸರು ನೆನಪಿದೆಯಲ್ಲ? ಮೇಲಿನ ಊರಿನ ಸುದ್ದಿ ಕೆಳಗಿನವರಿಗೆ ಹೊಳೆಯೇ ತಂದುಕೊಡುವುದು ನಿಂತಿಲ್ಲ.

ಕೊನೆಗೆ ಯುವಕರಿಗೆ ಒಂದೆರಡು ಮಾತು. ಇಲ್ಲಿ ಒಂದೇ ಅಜ್ಜ ಒಂದು ಗಂಟೆಯಲ್ಲಿ ಮೂರು ಭಾಷೆ ಆಡುತ್ತಾರೆ. ತೋಡಿನ ಕೆಲಸ ತುಳುವಿನಲ್ಲಿ, ಸರಕಾರದ ವಿಷಯ ಮಲಯಾಳದಲ್ಲಿ, ಮಾಷ್ಟ್ರ ಮರ್ಯಾದೆಗೆ ಕನ್ನಡದಲ್ಲಿ. ಕನ್ನಡದಲ್ಲೇ ಹೇಳಿ ಅಂತ ಒತ್ತಾಯ ಮಾಡಬೇಡಿ. ನಾನು ಮಾಡಿ ಕೆಟ್ಟೆ. ಕನ್ನಡಕ್ಕೆ ಬಂದ ಕೂಡಲೇ ಅವರು ಪಾಠ ಒಪ್ಪಿಸುವ ಮಕ್ಕಳ ಹಾಗೆ ಆಗುತ್ತಿದ್ದರು. ಇನ್ನೊಂದು, ರೆಕಾರ್ಡ್ ಆದ ಕೂಡಲೇ ಬೇರೆ ಕಡೆ ಒಂದು ಪ್ರತಿ ಇಡಿ. ಏತ ಎಳೆದವರ ಪದಗಳಿದ್ದ ಒಂದು ಕ್ಯಾಸೆಟಿನ ಮೇಲೆ ನಮ್ಮ ಮನೆಯಲ್ಲಿ ಯಾರೋ ಯಕ್ಷಗಾನ ತುಂಬಿಸಿದರು. ಯಾರು ಅಂತ ಹೇಳುವುದಿಲ್ಲ, ಮನೆಗೆ ಹೋಗಬೇಕು. ಆ ಪದ ಹೇಳಿದವರು ಈಗ ಇಲ್ಲ.

ಇಲ್ಲಿಗೆ ಮಾತು ಮುಗಿಸಿ ಕೂತೆ. ಪ್ರಶ್ನೆ ಕೇಳಿ ಅಂದರು. ಒಬ್ಬ ಹುಡುಗ ಎದ್ದು, ಈಗ ಮತ್ತೆ ಕಟ್ಟ ಕಟ್ಟಬಹುದಾ, ಪ್ಲಾಸ್ಟಿಕ್ ಶೀಟು ಹಾಕಿದರೆ ಕೆಲಸ ಕಡಿಮೆಯಲ್ವಾ ಅಂತ ಕೇಳಿದ. ಕಟ್ಟುತ್ತಿದ್ದಾರೆ, ಕೆಲವು ಕಡೆ ಶೀಟು ಹಾಕಿಯೇ ಕಟ್ಟುತ್ತಿದ್ದಾರೆ ಅಂತ ಹೇಳಹೊರಟೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬರು ಅಜ್ಜಿ ಎದ್ದು ನಿಂತರು. "ಮಾಷ್ಟ್ರು ಹೇಳಿದ್ದರಲ್ಲಿ ಒಂದು ತಪ್ಪು ಉಂಟು. ಬರೀ ಸೊಪ್ಪು ಅಂದರೆ ಯಾವ ಸೊಪ್ಪು? ಎಲ್ಲ ಸೊಪ್ಪೂ ಆಗುವುದಿಲ್ಲ. ಕೆಲವು ಕೊಳೆತು ನೀರು ಬಿಡುತ್ತದೆ." ಅವರ ಪಕ್ಕದ ಬೆಂಚಿನ ಒಬ್ಬ ಹಿರಿಯರು ಕೂತಲ್ಲಿಂದಲೇ ಅಂದರು, "ಸೊಪ್ಪೇ ಬೇಡ, ಅಡಿಕೆ ಸೋಗೆ ಹಾಕುವುದು." ಅಜ್ಜಿ ತಿರುಗಿದರು, "ನಿಮ್ಮ ಕಟ್ಟ ಶಿವರಾತ್ರಿಗೇ ಒಡೆಯುತ್ತಿತ್ತಲ್ಲ, ಅದಕ್ಕೇ!" ಬಾಗಿಲಿನ ಹತ್ತಿರ ನಿಂತ ಮೂರನೆಯವರು ತುಳುವಿನಲ್ಲಿ ಏನೋ ಸೇರಿಸಿದರು. ಸಭೆ ಪೂರ್ತಿ ಅವರ ಕಡೆ ತಿರುಗಿತು.

ನನ್ನ ರೆಕಾರ್ಡರ್ ಚೀಲದ ಅಡಿಯಲ್ಲಿ, ಛತ್ರಿಯ ಕೆಳಗೆ ಇತ್ತು. ಹುಡುಕಿ ತೆಗೆದು ಗುಂಡಿ ಒತ್ತುವಷ್ಟರಲ್ಲಿ ಸೊಪ್ಪಿನ ಮಾತು ಮುಗಿದು, ಅವರು ಮಣ್ಣಿನ ವಿಷಯಕ್ಕೆ ಬಂದಿದ್ದರು.